ಐದನೇ ತಾರೀಖು

ಓವರ್‌ಲಾಕ್ ಮೆಷೀನಿಗೆ ನಲವತ್ತೆರಡು ಸಾವಿರ.
ಬ್ಯಾಂಕಿನ ಹುಡುಗ ಪರದೆ ನೋಡಿದ, ನನ್ನ ನೋಡಿದ,
ಮತ್ತೆ ಪರದೆ ನೋಡಿ
'ಸ್ಕೋರು ಮೈನಸ್ ಒಂದು ಅಂತಿದೆ ಮೇಡಂ' ಅಂದ.

ಸೊನ್ನೆಯಾದರೂ ಸರಿ, ಅದಕ್ಕಿಂತ ಕೆಳಗೆ
ಹೇಗೆ ಇಳಿದೆ ನಾನು?
ಯಾರ ಹತ್ತಿರವೂ ಕೈಸಾಲ ಮಾಡಿದವಳಲ್ಲ.
'ಅದೇ ತೊಂದರೆ' ಅಂದ. 'ಸಾಲ ಮಾಡದವರು
ಇದರಲ್ಲಿ ಹುಟ್ಟಿರೋದೇ ಇಲ್ಲ.'

ಹತ್ತೊಂಬತ್ತು ವರ್ಷದಿಂದ ಇದ್ದೇನಪ್ಪಾ, ಇಟ್ಟಿಗೆಗೂಡಿನಲ್ಲಿ,
ದೇವಾಜಮ್ಮಣ್ಣಿಯವರ ವಠಾರದಲ್ಲಿ, ಬಾವಿ ಪಕ್ಕದ ಎರಡು ಕೋಣೆ.
ಬೆಳಗಿನ ಜಾವ ಝೂನಲ್ಲಿ ಸಿಂಹ ಗರ್ಜಿಸಿದರೆ
ನನ್ನ ಗೂಡಿನಲ್ಲಿ ಸ್ಟೀಲ್ ಲೋಟ ಅದುರುತ್ತೆ.
ಒಂಬೈನೂರಕ್ಕೆ ಬಂದೆ. ಈಗ ಐದೂವರೆ ಸಾವಿರ, ಕರೆಂಟು ಬೇರೆ.

ಬಾಡಿಗೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ.
ಹರಿದ ಬೆನ್ನಿಗೆ ಗುಲಾಬಿ ಲೈನಿಂಗ್ ಬಟ್ಟೆ, ನಾನೇ ಹೊಲಿದದ್ದು.
ಇನ್ನೂರ ಇಪ್ಪತ್ತೆಂಟು ಸಾಲು.
ಪ್ರತಿ ಸಾಲಿನಲ್ಲೂ ಐದನೇ ತಾರೀಖು,
ಪ್ರತಿ ಐದರ ಮುಂದೆ ಅವರ ಕೈಯ 'ದೇ',
ದೀರ್ಘವನ್ನು ಬಾಲದ ಹಾಗೆ ಎಳೆದು ಬಿಟ್ಟದ್ದು.

ಹುಡುಗ ಪುಟ ತಿರುಗಿಸಿದ, ಮದುವೆ ಆಲ್ಬಮ್ಮಿನ ಥರ,
ಗುರುತಿಲ್ಲದವರ ಮದುವೆ.
'ಇದು ಸಿಸ್ಟಮ್ಮಿಗೆ ಕಾಣಲ್ಲ ಮೇಡಂ.
ಈಗ ಬಾಡಿಗೆಯನ್ನೂ ಬ್ಯೂರೋಗೆ ಕಳಿಸೋ ಆ್ಯಪ್ ಬಂದಿದೆ.
ಓನರ್ ಒಪ್ಪಬೇಕು. ತಿಂಗಳು ತಿಂಗಳೂ
ಕಟ್ಟಿದ್ದು ಕಟ್ಟಿದ ಹಾಗೇ ಹೋಗುತ್ತೆ.'

ಕಟ್ಟಿದ್ದು ಕಟ್ಟಿದ ಹಾಗೇ.
ಹಾರ್ಡಿಂಜ್ ಸರ್ಕಲ್ ದಾಟೋವರೆಗೂ ಆ ಮಾತನ್ನು
ಗುಂಡುಪಿನ್ನಿನ ಹಾಗೆ ತುಟಿಯಲ್ಲಿ ಕಚ್ಚಿಕೊಂಡು ನಡೆದೆ.

ಅಮ್ಮಣ್ಣಿಯವರು ಹಜಾರದಲ್ಲಿ ಅವರೆ ಹಿಚುಕುತ್ತಿದ್ದರು.
ಪೂರ್ತಿ ಕೇಳಿ, ಕೈ ಒರೆಸಿ, ಪುಸ್ತಕ ಇಸಕೊಂಡು
ನೇರ ಆ ಪುಟಕ್ಕೇ ಹೋದರು. ಬೆರಳಿಗೆ ದಾರಿ ಗೊತ್ತಿತ್ತು.
ಲಾಕ್‌ಡೌನಿನ ವರ್ಷ. ಏಪ್ರಿಲ್, ಮೇ, ಜೂನ್, ಜುಲೈ.
ಐದು, ಐದು, ಐದು, ಐದು.
ದೇ, ದೇ, ದೇ, ದೇ.

ಒಂದು ಪೈಸೆ ಕೊಟ್ಟಿರಲಿಲ್ಲ ನಾನು ಆ ನಾಲ್ಕು ತಿಂಗಳು.
ಮದುವೆಯಿಲ್ಲ, ಬ್ಲೌಸಿಲ್ಲ.
ಕತ್ತರಿ ತುಕ್ಕು ಹಿಡಿಯದಿರಲೆಂದು ಹಳೇ ಪೇಪರು ಕತ್ತರಿಸುತ್ತಿದ್ದೆ.
ದಸರಾ ಕಳೆದ ಮೇಲೆ ಇನ್ನೂರು ಮುನ್ನೂರರಂತೆ ತೀರಿಸಿದ್ದು
ಎಲ್ಲೂ ಬರೆದಿಲ್ಲ.

'ಇದನ್ನ ಏನಂತ ಕಳಿಸ್ತಾರೆ, ಭ್ರಮರಾ?'
'ಹಳೇದು ಕೇಳಲ್ಲವಂತೆ ಅಮ್ಮಣ್ಣಿ. ಮುಂದಿನದು ಮಾತ್ರ.'
'ಓ. ಹತ್ತೊಂಬತ್ತು ವರ್ಷ ಬೇಡ.'
ಇನ್ನೊಂದು ಹಿಡಿ ಅವರೆ ಹಿಚುಕಿದರು.
ಆಮೇಲೆ ಮೊಮ್ಮಗನನ್ನು ಕೂಗಿ
ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿಸಿದರು.

ಮೊದಲ ತಿಂಗಳು ಸರಿ. ಎರಡನೆಯದರಲ್ಲಿ ಚಿಕೂನ್‌ಗುನ್ಯ,
ಬೆರಳು ಮಡಿಸಲಾಗದೆ ಮಲಗಿದ್ದು
ಹನ್ನೊಂದಕ್ಕೆ ಕಳಿಸಿದೆ.
ಅಮ್ಮಣ್ಣಿಯವರು ರೂಢಿಯಂತೆ ಪುಸ್ತಕ ತೆರೆದು
ಐದು ಅಂತ ಬರೆದರು. ಫೋನು ಟಿಂಗ್ ಅಂತು.
ಪೆನ್ನು ಎತ್ತಿ ಹಿಡಿದು ಕೂತರು.
ಅದು ಆಗಲೇ ಹೇಳಿಬಿಟ್ಟಿತ್ತು.

'ಚಾಡಿಕೋರ' ಅಂದರು ಅದಕ್ಕೆ.
ಐದನ್ನು ಹೊಡೆದುಹಾಕಲಿಲ್ಲ.
ಮುಂದೆ ದೇ ಎಳೆದರು, ಎಂದಿಗಿಂತ ಉದ್ದ,
ಹಾಳೆಯ ಅಂಚು ಮುಟ್ಟುವ ತನಕ.

ಈಗ ಮೂರನೇ ತಿಂಗಳು. ಹುಡುಗ ಹೇಳಿದ:
'ಇನ್ನೊಂದಾರು ತಿಂಗಳು ಹೋಗಲಿ ಮೇಡಂ, ನಂಬರು ಬರುತ್ತೆ.'
ಮೆಷೀನಿಲ್ಲದೆ ವಾಪಸು ಬಂದು, ಜಗಲಿ ಮೇಲೆ ಕೂತು ಹೇಳಿದೆ,
ಬ್ಯಾಂಕಿನ ಲೆಕ್ಕದಲ್ಲಿ ನನಗೀಗ ಮೂರು ತಿಂಗಳಂತೆ ಅಮ್ಮಣ್ಣಿ.

ಐವತ್ತೊಂದರ ನನ್ನನ್ನು ಕನ್ನಡಕದ ಮೇಲಿಂದ ನೋಡಿ
'ಕತ್ತು ನಿಲ್ಲೋ ಹೊತ್ತು ಕಣೆ' ಅಂದರು.
'ಹುಷಾರಾಗಿ ಎತ್ತಿಕೊಳ್ಳಬೇಕು ಅಂತ ಹೇಳು ಅವರಿಗೆ.'