ಬರೀ ಕರೆಂಟಿನ ಕೇಬಲ್ಲು

ಡಂಡೀ ಊರು, ಮೂರನೆಯ ಮಹಡಿ, ರಾತ್ರಿ ಒಂದೂವರೆ.
ಟೇ ನದಿಯ ಗಾಳಿ ಕಿಟಕಿಯ ಸಂದಿಗೆ ಬಾಯಿಟ್ಟು
ಸೀಟಿ ಊದುತ್ತಿದೆ.
ಮೇಜಿನ ಮೇಲೆ ಸೋಪಿನ ಡಬ್ಬಿಯಷ್ಟು ಡಿಸ್ಕು,
ಹಣೆಯಲ್ಲಿ ನೀಲಿ ದೀಪ.
ದೀಪವೇನೋ ಉರಿಯುತ್ತಿದೆ.
ಡಿಸ್ಕು ಮಾತ್ರ ಇಲ್ಲವಂತೆ.

ಕೆಳಮನೆಯ ಮೊರಾಗ್ ಕೊಟ್ಟ ಮುದಿ ಡೆಸ್ಕ್‌ಟಾಪು.
ವಿಂಡೋಸ್ ಕಕ್ಕಿಸಿ ಲಿನಕ್ಸ್ ಕುಡಿಸಿದವಳು ನಾನೇ,
ಈಗ ದೂರುವುದಾದರೂ ಯಾರನ್ನು?
ಕಪ್ಪು ಕಿಟಕಿ ತೆರೆದು ಹಾಜರಿ ಕೂಗಿದೆ:
ಎಸ್‌ಡಿಎ ಇದೆ, ಅದರ ಎರಡು ಮಕ್ಕಳೂ ಇವೆ,
ಎಂದೋ ಸತ್ತ ಡಿವಿಡಿ ಕೂಡ ಓಗೊಟ್ಟಿತು.
ಎಸ್‌ಡಿಬಿ? ಗೈರು.

ಕರ್ನಲ್ಲಿನ ದಿನಚರಿಯ ಮೇಲೆ ಕಣ್ಣಿಟ್ಟು
ಕಿತ್ತು ಚುಚ್ಚಿದೆ, ಕಿತ್ತು ಚುಚ್ಚಿದೆ,
ಒಂದಕ್ಷರ ಮೂಡಲಿಲ್ಲ.
ಕೆಟ್ಟಿದ್ದರೆ ಕೆಂಪಗೆ ಬೈಯಬೇಕಿತ್ತು.
ಬೈಗುಳ ಬಂದರೂ ಸಾಕು, ಹಿಡಿದೆಳೆಯಲು ಒಂದು ಎಳೆ.

ಮುಂದಿನ ಕಿಂಡಿ ಬೇಡವೆಂದು ಹಿಂದಿನ ಕಿಂಡಿಗೆ,
ಮೇಜಿನಡಿ ಮೊಣಕಾಲೂರಿ, ಬಾಯಲ್ಲಿ ಟಾರ್ಚು ಕಚ್ಚಿ.
ಸಿಕ್ಕಿದ್ದು: ಒಂದು ಹೇರ್‌ಪಿನ್ನು, ಎರಡು ಪೆನ್ನಿಯ ನಾಣ್ಯ,
ಮೂರು ವರ್ಷದ ಧೂಳು.

ನೆನಪುಗಳಿಗಾಗಿ ಅಲ್ಲ ಈ ಪಾಡು.
ಮನೆ ಖಾಲಿ ಮಾಡುತ್ತಿದ್ದೇವೆ. ಏಜೆನ್ಸಿಯ ಪತ್ರ ಬಂದಿದೆ:
ಮಲಗುವ ಕೋಣೆಯ ಗೋಡೆ ಕಪ್ಪಾದದ್ದು ನಿಮ್ಮ ಅಡುಗೆಯ ಹಬೆಗೆ,
ಠೇವಣಿಯಲ್ಲಿ ಆರುನೂರು ಪೌಂಡು ಕಡಿತ,
ಆಕ್ಷೇಪವಿದ್ದರೆ ಶುಕ್ರವಾರದೊಳಗೆ.
ಸಾರು ಕುದಿಸಿದ್ದಕ್ಕೆ ದಂಡ!
ಬಂದ ದಿನವೇ ತೆಗೆದ ಫೋಟೋಗಳು ಇದರ ಹೊಟ್ಟೆಯಲ್ಲಿವೆ.
ಪತ್ರದ ಜೊತೆ ಒಂದು ನಕಲು ಪ್ರತಿ:
'ಗೋಡೆಗಳು ಸುಸ್ಥಿತಿಯಲ್ಲಿವೆ', ಕೆಳಗೆ ಉದ್ಧವನ ಸಹಿ.
"ನಿನ್ನ ಕಣ್ಣು ಆಗ ಯಾವ ಬಸ್ಸು ಹತ್ತಿ ಹೋಗಿತ್ತು?"
ಬಸ್ಸು ಓಡಿಸುವವನನ್ನು ಹೀಗೆ ಕೇಳಿದ್ದು ಸೋಮವಾರ.
ಇಂದು ಗುರುವಾರ.

ಎರಡಾಯಿತು.
ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.
ಕೇಬಲ್ಲನ್ನು ಬೆರಳಲ್ಲಿ ಹೊಸೆದು ನೋಡಿದೆ: ತೆಳು, ತೀರಾ ತೆಳು.
ಅವನ ಸೈಕಲ್ ದೀಪದ್ದು!
ಇದರೊಳಗೆ ಇರುವುದು ಎರಡೇ ತಂತಿ.
ಬೇಕಾದ್ದು ನಾಲ್ಕು:
ಎರಡು ಅನ್ನಕ್ಕೆ, ಎರಡು ಮಾತಿಗೆ.

ಒಲೆಯ ಮೇಲೆ ತಟ್ಟೆ ಮುಚ್ಚಿದ ಪಾತ್ರೆ.
ಅನ್ನ, ಹುರುಳಿ ಸಾರು, ಬದಿಯಲ್ಲಿ ಹುರಿದ ಹಪ್ಪಳ.
ಪಾಳಿ ಮುಗಿಸಿ ಬಂದು ಮಾಡಿಟ್ಟು ಮಲಗಿದ್ದಾನೆ,
ನಿನ್ನೆಯ ಹಾಗೆ, ಮೊನ್ನೆಯ ಹಾಗೆ.

ಬಾಗಿಲಲ್ಲಿ ನಿಂತೆ. ಗಂಟಲು ತುಕ್ಕು ಹಿಡಿದಿತ್ತು.
"ಡಿಸ್ಕಿನ ದಪ್ಪ ಕೇಬಲ್ಲು ಯಾವ ಪೆಟ್ಟಿಗೆಯಲ್ಲಿದೆ?"
ಕತ್ತಲೆಯಿಂದ, ನಿದ್ದೆಯ ಸುಳಿವೇ ಇಲ್ಲದ ದನಿ:
"ಶೂ ಡಬ್ಬಿ. ಟೀ ಸೋಸುವ ಜಾಲರಿಯ ಕೆಳಗೆ."

ಚುಚ್ಚಿದ್ದೇ ತಡ, ದಬದಬ ಸಾಲುಗಳು,
ಕಟ್ಟೆಯೊಡೆದ ಹಾಗೆ. ಎಸ್‌ಡಿಬಿ ಹಾಜರ್.
ಆದರೂ ಮೌಂಟ್ ಆಗಲೊಲ್ಲದು:
ಹೋದ ಸಲ ಹೇಳದೆ ಕೇಳದೆ ಕಿತ್ತಿದ್ದೀರಿ ಎಂಬ ಮುನಿಸು.
(ಕಿತ್ತವಳು ನಾನು. ಅದನ್ನು ಹೇಳಲಿಲ್ಲ.)
ಓದಲು ಮಾತ್ರ ಬಿಡು, ಏನನ್ನೂ ತಿದ್ದುವುದಿಲ್ಲ
ಎಂದು ಬೇಡಿಕೊಂಡ ಮೇಲೆ ತೆರೆಯಿತು.

ಕಂಬಳಿ ಹೊದ್ದು ಬಂದು ಬೆನ್ನ ಹಿಂದೆ ನಿಂತಿದ್ದ.
ಮಾರ್ಚ್ ಹದಿನಾಲ್ಕು. ಬೀರುವಿನ ಹಿಂದಿನ ಗೋಡೆ,
ಆಮೆಯಂಥ ಕಪ್ಪು ಕರೆ,
ಅದನ್ನು ತೋರಿಸುವ ಒಂದು ಬೆರಳು,
ಬಸ್ಸಿನ ಬಾಗಿಲಿಗೆ ಸಿಕ್ಕಿ ಕಂದಿದ ಉಗುರು.
ತಿರುಗಿ ನೋಡಿದೆ.
"ಸಹಿ ಹಾಕದೆ ಕೀಲಿಕೈ ಇಲ್ಲ ಅಂದಳು ಏಜೆಂಟು.
ನೀನು ಮೆಟ್ಟಿಲ ಮೇಲೆ ಕೂತಿದ್ದೆ.
ತುಟಿ ನೀಲಿಗಟ್ಟಿತ್ತು."

ಹತ್ತೊಂಬತ್ತು ಚಿತ್ರಗಳನ್ನು ಪತ್ರಕ್ಕೆ ಲಗತ್ತಿಸಿದೆ,
ಬೆರಳಿದ್ದದ್ದನ್ನೂ, ಕತ್ತರಿಸದೆ.
ಅವನು ಸಾರು ಬಿಸಿಗಿಟ್ಟ. ಕಿಟಕಿಯ ಗಾಜಿಗೆ ಹಬೆ ಕೂತಿತು.
ಕೂರಲಿ.
ಆ ತೆಳು ಕೇಬಲ್ಲನ್ನು ಕಸದ ಬುಟ್ಟಿಗೆ ಹಾಕಹೋದರೆ
ಕೈ ಹಿಡಿದ:
"ಇರಲಿ, ದೀಪಕ್ಕೆ ಬೇಕು."