ಸಾಬರ ಮರಳು

ಮೊಳೆತ ಬಾರ್ಲಿ, ತಾರಸಿಯಲ್ಲಿ ಒಣಗಿದ್ದು,
ಆರು ಸೇರು ಹೊತ್ತು
ಆಜಾದ್ ನಗರದ ಮಂಡಕ್ಕಿ ಭಟ್ಟಿಗೆ ಹೋದೆ.

ಯಾತಕ್ಕೆಂದು ದಸ್ತಗೀರ್ ಸಾಬರು ಕೇಳಲಿಲ್ಲ.
ಕಾದ ಮರಳಿಗೆ ಸುರಿದು, ನಾಲ್ಕು ಸಲ ತಿರುವಿ
ಜರಡಿ ಎತ್ತಿದರು:
"ಬಿಸ್ಕಿಟ್ ಬಣ್ಣ ಸಾಕೇನ್ರೀ ಮೇಷ್ಟ್ರೆ?"
ಸಾಕಾಗಿತ್ತು.

ಹಾಪ್ಸ್ ಅಂಚೆಯಲ್ಲಿ ಬಂತು, ಒಣಹುಲ್ಲಿನಂಥ ಪೊಟ್ಟಣ.
ಮೂಸಿದ ಕೊಟ್ರಮ್ಮ "ಕೆಮ್ಮಿಗಾ?" ಅಂದಳು.
ಒಂದು ತಾಸು ಕುದಿಸಿದ್ದಕ್ಕೆ
ಯಾರೋ ಬೆಲ್ಲ ಕಾಸ್ತಿದಾರೆ ಅಂದಿತು ಓಣಿ.
ಬಸಿದುಳಿದ ಕಾಳು ಪಕ್ಕದ ಮನೆ ಎಮ್ಮೆಗೆ;
ಆ ವಾರದ ಬೆಣ್ಣೆ ದೋಸೆಯ ಬಗ್ಗೆ
ನಾನೇನೂ ಹೇಳಲಾರೆ.

ಇಂಗ್ಲಿಷರ ನೆಲಮಾಳಿಗೆ ಸದಾ ತಂಪಂತೆ.
ದಾವಣಗೆರೆಯಲ್ಲಿ ನನಗಿದ್ದದ್ದು ಪುಷ್ಯ ಮಾಸ,
ಹಸಿ ಗೋಣಿ ಸುತ್ತಿದ ಹಾಲಿನ ಕ್ಯಾನು,
ನಡುರಾತ್ರಿ ಎದ್ದು ನೀರು ಚಿಮುಕಿಸುವ ಹುಚ್ಚು.
ಗುಳುಕ್.
ಮತ್ತೆ ಬಹಳ ಹೊತ್ತು ಬಿಟ್ಟು, ಗುಳುಕ್.

ಮೂರನೆಯ ವಾರ ಲೋಟಕ್ಕೆ ಬಗ್ಗಿಸಿದೆ.
ತಾಮ್ರದ ಬಣ್ಣ, ನೊರೆ ಕಮ್ಮಿ.
ಕಹಿ ತಡವಾಗಿ ಬಂತು,
ಬಂದದ್ದು ನಾಲಗೆಯ ಬುಡದಲ್ಲಿ ಕೂತೇಬಿಟ್ಟಿತು.

ಸಾಬರು ಕುಡಿಯುವವರಲ್ಲ.
ಲೋಟವನ್ನು ಮೂಗಿನ ತನಕ ತಂದು
ಕಣ್ಣು ಮುಚ್ಚಿ ನಿಂತರು.
"ನಮ್ಮ ಮರಳೈತ್ರೀ ಇದರಾಗೆ" ಅಂದು
ಒಂದು ಹನಿ ಚೆಲ್ಲದಂತೆ
ವಾಪಸು ಕೊಟ್ಟರು.