ನಡುವ ಏನೂ ಇರಬಾರದು

ಮೈಂದರ್ಗಿಗೆ ಇದು ನಾಕನೇ ಸರ್ತಿ.
ಚನಬಸಪ್ಪ ಮುಗಳಿಯವರ ಮಾಳಗಿ
ಕತ್ತಲದಾಗೂ ಏರೋಹಾಂಗ ರೂಢಿ ಆಗ್ಯದ ನನಗ.
ಎಸ್‌ಟಿ ಬಸ್ಸಿನ್ಯಾಗ ಇಪ್ಪತ್ತೊಂಬತ್ತು ವರ್ಷ ಕಂಡಕ್ಟರಿಕಿ ಮಾಡಿದವರು.
ಟಿವಿ ಹೋದ ಹೊತ್ತು, ಬಂದ ಹೊತ್ತು
ಹಳೇ ವೇಬಿಲ್ಲಿನ ಬೆನ್ನಿಗೆ ಬರದಿಟ್ಟಾರ:
ಸೋಮವಾರ ಏಳೂ ನಲವತ್ತಕ್ಕ ಹೋತು, ಹತ್ತೂ ಐದಕ್ಕ ಬಂತು.
ಬುಧವಾರ ಹೋಗಲಿಲ್ಲ.
ಗುರುವಾರ ಮತ್ತ ಹೋತು.
ಮೋಡ ಇಲ್ಲ.
ಇದರ ಬುಡಕ್ಕ ಎರಡು ಗೆರಿ.

ಮೊದಲ ಸರ್ತಿ ಕನೆಕ್ಟರ್ ಬಿಚ್ಚಿದೆ,
ತಾಮ್ರದ ತಂತಿ ಹಸರಗಟ್ಟಿತ್ತು, ಕತ್ತರಿಸಿ ಹೊಸಾದು ಹಾಕಿದೆ.
ಎರಡನೇ ಸರ್ತಿ ಎಲ್‌ಎನ್‌ಬಿ.
ಅದರ ಮೂತ್ಯಾಗ ಕಣಜ ಮಣ್ಣಿನ ಮನಿ ಕಟ್ಟಿತ್ತು,
ಬಾಡಗಿ ಕೊಡದ ಸಂಸಾರ.
ಮೂರನೇ ಸರ್ತಿ ಕೇಬಲ್ ಗುಂಟ
ಮಾಳಗಿಯಿಂದ ಟಿವಿ ತನಕಾ ಬೆರಳಾಡಿಸಿಕೋತ ಬಂದೆ,
ಇಲಿ ಕಡದದ್ದು ಎಲ್ಲೂ ಸಿಗಲಿಲ್ಲ.
ಮೀಟರ್ ಅರವತ್ತೆಂಟು ಅಂತಿತ್ತು.
ಮರುದಿನ ಮುಂಜಾನೆ ಫೋನು:
"ಹೋತು."

ಬಿಟ್ಟು ಬಿಟ್ಟು ಬರೋ ಜ್ವರ ಇದ್ಧಾಂಗ,
ಡಾಕ್ಟರ್ ಮುಂದ ಮೈ ತಣ್ಣಗ.

ಅದಕ್ಕ ಇವತ್ತು ಏನೂ ಬಿಚ್ಚಲಿಲ್ಲ.
ಏಳಕ್ಕ ಬಂದು ಮ್ಯಾಲ ಕುಂತೆ,
ಛತ್ರಿ ನೋಡೋ ಕಡೀಗೇ ಮಾರಿ ಮಾಡಿ,
ಆಗ್ನೇಯಕ್ಕ, ಕುತ್ತಿಗಿ ಚೂರು ಜಾಸ್ತೀನ ಎತ್ತಿ.
ಮೂವತ್ತಾರು ಸಾವಿರ ಕಿಲೋಮೀಟರ್ ಆಚೆ
ಒಂದು ಡಬ್ಬಿ ಕಣ್ಣು ಮಿಟುಕಿಸದ ಇಲ್ಲಿಗೇ ನೋಡ್ತದ.
ನಡುವ ಏನೂ ಇರಬಾರದು.
ಅಷ್ಟ ನಮ್ಮ ಶಾಸ್ತ್ರ.

ಏಳೂ ಮೂವತ್ತೆಂಟಕ್ಕ
ಬಾಜೂ ಮನಿ ಅಟ್ಟದ ಕಿಡಕಿ ಕಿರ್ ಅಂತು.
ಒಂದು ಬಿದಿರು ಹೊರಗ ಬಂತು, ಬಿದಿರಿನ ಮ್ಯಾಲ ಕೌದಿ.
ಹಸರು ಬಳಿ ಕಂಡ್ವು, ಮಾರಿ ಕಾಣಲಿಲ್ಲ.
ಕಿಡಕಿ ಮುಚ್ಚಿತು.
ಕೆಳಗಿಂದ ಮುಗಳಿಯವರು:
"ಹೋತು! ಏಳೂ ನಲವತ್ತು!"

ತೊಯ್ದ ಅರಿವಿ ಅಂದ್ರ ಛತ್ರಿಗೆ ಗ್ವಾಡಿ ಇದ್ಧಾಂಗ.
ಖರೇ ಅಂದ್ರ ಕೌದಿ ಪೂರಾ ತೊಯ್ದಿರಲಿಲ್ಲ,
ನಡುವಿನ ಒಂದು ದುಂಡು ಅಷ್ಟ ತೊಳದಿದ್ರು,
ಯಾರದೋ ಇಳಕಲ್ ಸೀರಿ ಚೂರು, ಯಾರದೋ ಧೋತ್ರದ ಅಂಚು
ಅಷ್ಟರಾಗ ಕಪ್ಪಾಗಿ ನೀರು ತೊಟ್ಟಿಕ್ಕತಿತ್ತು.

ಆ ಮನ್ಯಾಗ ಏಳನೇತ್ತೆ ಓದೋ ಹುಡುಗ ಒಬ್ಬ.
ಮುದುಕ ಒಬ್ಬ.
ಹ್ವಾದ ವರ್ಷ ಲಗ್ನ ಆಗಿ ಬಂದಾಕಿ ಒಬ್ಬಾಕಿ.
ಲೆಕ್ಕ ಅಲ್ಲಿಗೇ ಬಿಟ್ಟೆ.

ನನ್ನ ಕೌದಿ ನಮ್ಮವ್ವ
ಕಣಕಿ ಬಣವಿ ಹಿಂದ ಒಣಹಾಕತಿದ್ಳು.
ಯಾರರೆ ಕೇಳಿದ್ರ ಬೆಕ್ಕಿನ ಹೆಸರು ಹೇಳತಿದ್ಳು.
ನಾವು ಬೆಕ್ಕು ಸಾಕಿರಲೇ ಇಲ್ಲ.

ಪಾನಾ ತಗದೆ. ನಾಕು ಬೋಲ್ಟು,
ಒಂದು ತುಕ್ಕು ಹಿಡದು ಜಪ್ಪಯ್ಯ ಅನ್ನವಲ್ದು, ಎಣ್ಣಿ ಬಿಟ್ಟು ಬಡದೆ.
ಛತ್ರಿ ಕಿತ್ತು ನೀರಿನ ಟಾಕಿ ಆಚೆ ಮೂಲಿಗೆ ಒಯ್ದು ಕುಂಡರಿಸಿದೆ.
ಬೆರಳಷ್ಟು ಆ ಕಡೆ, ಅರ್ಧ ಬೆರಳು ಈ ಕಡೆ,
ಮೀಟರ್ ಸಿಳ್ಳಿ ಹಾಕಿತು. ಎಪ್ಪತ್ತೊಂದು.
ಕೆಳಗ ಸುದ್ದಿ ಓದೋ ಹೆಣ್ಮಗಳು
ನಟ್ಟ ನಡುವಿನಿಂದನ ಮಾತು ಶುರು ಮಾಡಿದ್ಳು.

ಪಾವತಿ ಮ್ಯಾಲ ಬರದೆ:
ಕನೆಕ್ಟರ್ ಸಡಲ. ನೂರಾ ಐವತ್ತು.

ಮುಗಳಿಯವರು ಚಾಳೀಸ ಏರಿಸಿದ್ರು.
"ಸಡಲ ಇದ್ರ ಬುಧವಾರ ಯಾಕ ಹೋಗಲಿಲ್ಲ?"
"ಗಾಳಿ," ಅಂದೆ.
"ಗಾಳಿ ಎಲ್ಲದ?"
ಬೇವಿನ ಗಿಡದಾಗ ಒಂದು ಎಲಿ ಅಲುಗವಲ್ದು.
"ಮತ್ತ ಜಾಗಾ ಯಾಕ ಬದಲಿಸಿದಿ?"
ನಾ ವಾಯರ್ ಸುತ್ತಿಕೋತ ನಿಂತೆ,
ಸುತ್ತಿದ್ದನ್ನ ಬಿಚ್ಚಿ ಮತ್ತ ಸುತ್ತಿದೆ.

ಅವರು ಅಂಗಳಕ್ಕ ಇಳದು ಮ್ಯಾಲ ನೋಡಿದ್ರು.
ಬಿದಿರು.
ಕೌದಿ.
ಬಿಸಿಲಿಗೆ ಸಣ್ಣ ಆಗಿಕೋತ ಹೊಂಟಿದ್ದ ಆ ದುಂಡು.
ಮುಂದಿನ ಸ್ಟಾಪಿನ ತನಕಾ ಒಂದ ಸಮ ಕಿಡಕ್ಯಾಗಿಂದ ಹೊರಗ ನೋಡೋ
ತಿಕೀಟಿಲ್ಲದ ಮಂದೀನ ಎಷ್ಟು ಕಂಡಿದ್ರೋ ಏನೋ.

ವೇಬಿಲ್ ಮಡಚಿ ಕಿಸೇದಾಗ ಇಟ್ಟುಕೊಂಡ್ರು.
ರೊಕ್ಕಾ ಎಣಿಸಿ ಕೊಟ್ರು, ಹತ್ತರ ನೋಟು ಹದಿನೈದು.
ಬಾಗಲಾ ಬೆರಳಿಂದ ಎರಡು ಸಲ ಬಡದು
"ರೈಟ್," ಅಂದ್ರು,
"ಹೋಗ್ಲಿ."